ಒಂದೇ ಶಾಲು, ಮೂವತ್ತೆಂಟು ಸನ್ಮಾನ

ನಾನು ನಿವೃತ್ತಳಾದಾಗ ನನಗೆ ಮೂವತ್ತೆರಡು ವರ್ಷ ನಾಲ್ಕು ತಿಂಗಳು. ಪುರಸಭೆಯ ಕೌನ್ಸಿಲ್ ವಿಭಾಗದಲ್ಲಿ ಹೊರಗುತ್ತಿಗೆಯ ಸಹಾಯಕಿಯಾಗಿ ಏಳು ವರ್ಷ ಎರಡು ತಿಂಗಳು ಕೆಲಸ ಮಾಡಿದ ಮೇಲೆ ನನ್ನ ಗುತ್ತಿಗೆ ನವೀಕರಣವಾಗಲಿಲ್ಲ. ಇದಕ್ಕೆ ಬೇರೆ ಹೆಸರುಗಳೂ ಇವೆ. ಆದರೆ ನಮ್ಮ ಮ್ಯಾನೇಜರ್ ಖಾದರ್ ಸಾಬರು ಆ ಹೆಸರುಗಳನ್ನು ಬಾಯಿಗೆ ತರಲು ಒಪ್ಪಲಿಲ್ಲ.

"ಕೆಲಸ ಮುಗೀತು. ಹಾರ ಹಾಕಬೇಕು, ಶಾಲು ಹೊದಿಸಬೇಕು. ಇದಕ್ಕ ರಿಟೈರ್ಮೆಂಟ್ ಅಂತಾರ ಬೇಟಾ. ವಯಸ್ಸು ಯಾರು ಕೇಳ್ಯಾರ?" ಅಂದರು.

ಹಾಗಾಗಿ ಸಭಾಂಗಣದಲ್ಲಿ ಕೂರಿಸಿ ನನ್ನನ್ನು ಬೀಳ್ಕೊಟ್ಟರು. ಮಾತಾಡಿದವರಲ್ಲಿ ಒಬ್ಬರು ಅಭ್ಯಾಸಬಲದಿಂದ, ಮೊಮ್ಮಕ್ಕಳ ಜೊತೆ ನನ್ನ ವಿಶ್ರಾಂತ ಜೀವನ ಸುಖವಾಗಿರಲಿ ಎಂದು ಹಾರೈಸಿದರು. ನನಗಿನ್ನೂ ಮದುವೆಯಾಗಿಲ್ಲ. ಅಂದಿನ ಡೈರಿಯಲ್ಲಿ ಹೀಗಿದೆ: ಹಾರ 1, ತೆಂಗಿನಕಾಯಿ 1, ಶಾಲು 1, ಭಾಷಣ 6.

ಆ ಶಾಲಿನ ವಿಷಯ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ನನ್ನ ಕುರ್ಚಿಯಲ್ಲೋ ಅಂಥದೇ ಇನ್ನೊಂದು ಕುರ್ಚಿಯಲ್ಲೋ ನಾಳೆ ಬಂದು ಕೂರುವವರಿಗೆ ಉಪಯೋಗಕ್ಕೆ ಬಂದೀತು. ಮೊದಲೇ ಒಂದು ಮಾತು. ನನ್ನ ಮುಖ್ಯ ಕುರ್ಚಿ ಒಂದು ಊರಲ್ಲಿತ್ತು. ಉಳಿದೆರಡು ಊರುಗಳಿಗೆ ವಾರಕ್ಕೊಂದೊಂದು ದಿನ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ತೆಲುಗು ಸೀಮೆಯ ಗಡಿಯೂರುಗಳಾದ ನಾರಾಯಣಪೇಟೆ, ಮಕ್ತಲ್, ಗದ್ವಾಲ, ಈ ಮೂರರಲ್ಲಿ ಮುಖ್ಯ ಕುರ್ಚಿ ಎಲ್ಲಿತ್ತೆಂದು ಹೇಳುವುದಿಲ್ಲ. ಮೂರೂ ಊರಿನವರು ಇದು ಪಕ್ಕದ ಊರಿನ ಕಥೆ ಎಂದುಕೊಂಡು ನಗಲಿ. ಜನರ ಹೆಸರುಗಳನ್ನು ಬದಲಿಸಿದ್ದೇನೆ. ಲೆಕ್ಕಗಳನ್ನು ಬದಲಿಸಿಲ್ಲ, ಅದು ನನ್ನಿಂದ ಆಗುವ ಕೆಲಸವಲ್ಲ.

ಲೆಕ್ಕ ಇಡುವ ಚಟ ಶಾಲೆಯಿಂದಲೇ ಬಂದದ್ದು. ಕೃಷ್ಣಾ ನದಿಯ ಕಡೆಯ ನಮ್ಮ ಹಳ್ಳಿಯಲ್ಲಿ ಕನ್ನಡ ಮಾಧ್ಯಮದ ಶಾಲೆ ಇತ್ತು, ಹತ್ತನೇ ತರಗತಿಯವರೆಗೆ ಅಲ್ಲೇ ಓದಿದೆ. ಕಚೇರಿಯಲ್ಲಿ ಹೆಚ್ಚಿನವರಿಗೆ ಕನ್ನಡ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ; ಅವರೆಲ್ಲ ತೆಲುಗಿನಲ್ಲಿ ಓದಿದವರು. ಆದ್ದರಿಂದ ನನ್ನ ಡೈರಿ ಮೇಜಿನ ಮೇಲೆ ತೆರೆದೇ ಬಿದ್ದಿರುತ್ತಿತ್ತು. ಕರೆಂಟು ಹೋದದ್ದು, ಬಸ್ಸು ತಡವಾದದ್ದು, ಯಾರು ಯಾರ ಮೇಲೆ ಎಷ್ಟು ದಿನ ಮುನಿಸಿಕೊಂಡರು ಎನ್ನುವುದು, ಎಲ್ಲಕ್ಕೂ ಗೀಟು ಹಾಕಿದ ಲೆಕ್ಕ ಅದರಲ್ಲಿದೆ. ವರ್ಷಕ್ಕೊಂದರಂತೆ ಏಳು ಡೈರಿ.

ಕೆಲಸ ಏನೆಂದರೆ ಇಷ್ಟು. ತಿಂಗಳಿಗೊಮ್ಮೆ ವಾರ್ಡು ಸದಸ್ಯರ ಸಭೆ ಸೇರುತ್ತದೆ. ಅದಕ್ಕೆ ವಿಷಯಪಟ್ಟಿ ಸಿದ್ಧ ಮಾಡಬೇಕು. ನಡೆದದ್ದನ್ನು ನಡಾವಳಿ ಪುಸ್ತಕದಲ್ಲಿ ತೆಲುಗಿನಲ್ಲಿ ಬರೆಯಬೇಕು. ವರ್ಷಕ್ಕೊಮ್ಮೆ ಆಡಿಟ್‌ನವರು ಬಂದು ಆ ಪುಸ್ತಕದಲ್ಲಿ ತಪ್ಪು ಹುಡುಕಿದಾಗ ಉತ್ತರ ಬರೆಯಬೇಕು. ಖಾದರ್ ಸಾಬರು ಮೊದಲ ದಿನವೇ ಇದರ ಗುಟ್ಟು ಹೇಳಿಕೊಟ್ಟರು.

"ಸಭಿ ನಡೆಯೋದು ನಾಕು ತಾಸು, ಬರೆಯೋದು ನಾಕು ದಿನ. ಅದಕ್ಕ ಮೊದಲ ಬರದಿಡು. ಸಭಿ ಅದರ ಹಿಂದ ತಾನ ಬರ್ತೈತಿ."

ನಾನು ನಂಬಲಿಲ್ಲ. ಆದರೆ ನಾಲ್ಕು ಸಭೆ ನೋಡುವಷ್ಟರಲ್ಲಿ ಅವರ ಮಾತು ನಿಜ ಅನ್ನಿಸಿತು. ಮುಖ್ಯವಾಗಿ ಒಂಬತ್ತನೇ ವಾರ್ಡಿನ ಸದಸ್ಯ ಚಂದ್ರಪ್ಪನವರಿಂದಾಗಿ. ಯಾವ ವಿಷಯ ಬಂದರೂ ಅವರು ಎದ್ದು ನಿಂತು "ನನ್ನ ವಿರೋಧ ಬರ್ಕೋರಿ" ಅನ್ನುತ್ತಿದ್ದರು. ಕೈ ಎತ್ತಿ ಅಂದಾಗ ಎಲ್ಲರಿಗಿಂತ ಮೊದಲು ಕೈ ಎತ್ತಿ ಒಪ್ಪಿಗೆ ಕೊಡುತ್ತಿದ್ದರು. ಮೊದಲ ವರ್ಷದ ಲೆಕ್ಕ: ವಿರೋಧ 47, ಕೈ ಎತ್ತಿದ್ದು 47. ಒಂದು ದಿನ ಧೈರ್ಯ ಮಾಡಿ ಕೇಳಿದೆ.

"ನೋಡವ್ವಾ," ಅಂದರು ಅವರು, "ನಾಳೆ ಕೆಲಸ ಕೆಟ್ರ, ನಾ ಅವತ್ತ ಹೇಳಿದ್ದೆ ಅಂತೀನಿ. ಚೊಲೊ ಆದ್ರ, ನಾನೂ ಕೈ ಎತ್ತಿದ್ದೆ ಅಂತೀನಿ. ಎರಡೂ ಕಡೆ ಬಾಗಲಾ ತೆಗದಿಟ್ಟಿರಬೇಕು."

ಇಷ್ಟು ನಿಯಮಬದ್ಧ ಮನುಷ್ಯನ ಬಗ್ಗೆ ಮೊದಲೇ ಬರೆದಿಡಲು ಭಯವೇನು? ಎರಡನೇ ವರ್ಷದ ಒಂದು ಸಭೆಗೆ ಹಿಂದಿನ ದಿನವೇ, ನಾಲ್ಕು ವಿಷಯಗಳಿಗೆ ಚಂದ್ರಪ್ಪನವರು ತೀವ್ರ ವಿರೋಧ ವ್ಯಕ್ತಪಡಿಸಿದರು ಎಂದು ಬರೆದು ಮುಗಿಸಿದೆ. ಸಭೆಯ ದಿನ ಅವರು ಕೋಸಗಿಯಲ್ಲಿ ಮಗಳ ಮದುವೆ ಮಾಡುತ್ತಿದ್ದರು. ಸಭೆಯ ಕಡೆ ತಲೆ ಹಾಕಿರಲಿಲ್ಲ. ಪುಸ್ತಕ ಓದದೆ ಸಹಿ ಮಾಡುವುದು ಎಲ್ಲರ ಅಭ್ಯಾಸವಾದ್ದರಿಂದ ಯಾರಿಗೂ ತಿಳಿಯಲಿಲ್ಲ. ಮುಂದಿನ ಸಭೆಯಲ್ಲಿ ಅವರೇ ಪುಟ ತಿರುವಿ ಓದಿ, ಕನ್ನಡಕ ಮೇಲೆತ್ತಿದರು.

"ನಾ ಇಲ್ಲದಾಗೂ ನನ್ನ ವಿರೋಧ ನಡದೈತಿ. ಮುನ್ಸಿಪಾಲಿಟಿ ಭಾಳ ಸುಧಾರಿಸೈತಿ."

ಎಲ್ಲರೂ ನಕ್ಕರು. ನನಗೆ ಮಾತ್ರ ಕಿವಿ ಬಿಸಿಯಾಯಿತು. ಅಂದೇ ಡೈರಿಯಲ್ಲಿ ಬರೆದುಕೊಂಡೆ: ಇನ್ನು ಮುಂದೆ ಕಣ್ಣಿಗೆ ಕಂಡದ್ದನ್ನು, ಕಂಡ ಮೇಲೆ, ಕಂಡಷ್ಟೇ ಬರೆಯುವುದು. ಆ ಒಳ್ಳೆಯ ಬುದ್ಧಿಯಿಂದ ಒಬ್ಬ ಮನುಷ್ಯನ ಪಿಂಚಣಿಗೆ ಕುತ್ತು ಬರುತ್ತದೆಂದು ಆಗ ಗೊತ್ತಿರಲಿಲ್ಲ.

ಆ ಮನುಷ್ಯ ಬೀರಪ್ಪ, ನಮ್ಮ ಕಚೇರಿಯ ಜವಾನ. ಕುರುಬರ ಮನೆತನ. ಮೂವತ್ತು ವರ್ಷದಿಂದ ಸಭಾಂಗಣದ ಬೀಗದ ಕೈ ಅವನ ಸೊಂಟದಲ್ಲಿತ್ತು. ಶಾಲು ಇದ್ದ ಕಪಾಟಿನ ಕೈಯೂ ಅದೇ ಗೊಂಚಲಲ್ಲಿ.

ನಮ್ಮ ಕೌನ್ಸಿಲ್ಲಿನಲ್ಲಿ ಸನ್ಮಾನಗಳಿಗೆ ಬರವಿರಲಿಲ್ಲ. ನಿವೃತ್ತರಾಗುವ ಪೌರಕಾರ್ಮಿಕರು, ಹತ್ತನೇ ತರಗತಿಯಲ್ಲಿ ಮೊದಲು ಬಂದ ಹುಡುಗಿ, ವರ್ಗವಾಗಿ ಹೋಗುವ ಅಧಿಕಾರಿ, ಎಲ್ಲರಿಗೂ ಹಾರ, ಕಾಯಿ, ಶಾಲು. ಹಾರ ಬಾಡುತ್ತದೆ, ಕಾಯಿ ಸಾರಿಗೆ ಹೋಗುತ್ತದೆ, ಅವನ್ನು ಪ್ರತಿ ಸಲ ಕೊಳ್ಳಲೇಬೇಕು. ಶಾಲನ್ನು ಮಾತ್ರ ಹಿಂದೆ ಯಾವಾಗಲೋ ಒಮ್ಮೆ ನಾರಾಯಣಪೇಟೆಯ ಮಗ್ಗದಿಂದ ಕೊಂಡಿದ್ದರು. ಬೆಲ್ಲದ ಬಣ್ಣದ ರೇಷ್ಮೆ, ಕುಂಕುಮದ ಬಣ್ಣದ ಅಂಚು. ಬಹಳ ಚೆಂದದ್ದು, ಬಹಳ ಬೆಲೆಯದ್ದು. ಇನ್ನೊಂದು ಕೊಳ್ಳಲು ಯಾರಿಗೂ ಮನಸ್ಸು ಬರಲಿಲ್ಲ. ಹಾಗಾಗಿ ಪದ್ಧತಿ ಏನಾಯಿತೆಂದರೆ, ಸನ್ಮಾನವಾದವರು ಶಾಲು ಹೊದ್ದು ಮನೆಗೆ ಹೋಗುತ್ತಾರೆ, ಓಣಿಯವರು ನೋಡುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. ಮರುದಿನ ಬೆಳಿಗ್ಗೆ ಏಳಕ್ಕೆ ಬೀರಪ್ಪ ಬಟ್ಟೆಯ ಕೈಚೀಲ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾನೆ.

"ಶಾಲು ಕೊಡ್ರೆವ್ವಾ. ಚಹಾ ಕುಡದು ಬಂದೀನಿ, ಬ್ಯಾಡ."

ಊರಿಗೆಲ್ಲ ಗೊತ್ತಿದ್ದ ಪದ್ಧತಿ ಇದು. ಯಾರಿಗೂ ಅವಮಾನ ಅನ್ನಿಸುತ್ತಿರಲಿಲ್ಲ. ಒಬ್ಬ ಹೆಡ್‌ಮಾಸ್ತರು ಇಸ್ತ್ರಿ ಮಾಡಿ ಕೊಟ್ಟರು. ಒಬ್ಬರು ಅದನ್ನು ಹೊದ್ದು ಜೂರಾಲ ಅಣೆಕಟ್ಟಿನ ಮೇಲೆ ನಿಂತು ಫೋಟೊ ತೆಗೆಸಿಕೊಂಡರು. ಕಸ ಗುಡಿಸುತ್ತಿದ್ದ ಸಾಯವ್ವ ಮಲ್ದಕಲ್ ದೇವರಿಗೆ ಹೊದ್ದು ಹೋಗಿ ಬಂದು, ಪ್ರಸಾದದ ಸಮೇತ ತಿರುಗಿ ಕೊಟ್ಟಳು. ಎಲ್ಲರಿಗಿಂತ ಹೆಚ್ಚು ಸತಾಯಿಸಿದವರು ಚಂದ್ರಪ್ಪನವರು. ಹತ್ತು ವರ್ಷದ ಸದಸ್ಯತ್ವಕ್ಕೆ ಸನ್ಮಾನವಾದಾಗ, ಮಗಳ ಮದುವೆಯಲ್ಲಿ ಬೀಗರೆದುರು ಹೊದೆಯಬೇಕೆಂದು ಒಂಬತ್ತು ದಿನ ಇಟ್ಟುಕೊಂಡರು. ಬೀರಪ್ಪ ನಾಲ್ಕು ಸಲ ಅಲೆದ. ನನ್ನ ಡೈರಿಯಲ್ಲಿ ಎಲ್ಲ ಇದೆ: ಯಾರಿಗೆ ಹೊದಿಸಿದ್ದು, ಯಾವ ದಿನ, ವಾಪಸ್ ಬಂದದ್ದು ಯಾವ ದಿನ.

ನನಗಿಂತ ಹಿಂದಿನವರು ನಡಾವಳಿಯಲ್ಲಿ 'ಸನ್ಮಾನಿಸಲಾಯಿತು' ಎಂದಷ್ಟೇ ಬರೆಯುತ್ತಿದ್ದರು. ನಾನು ಕಂಡದ್ದನ್ನು ಬರೆಯುವ ವ್ರತ ಹಿಡಿದವಳು. ಅದಕ್ಕಿಂತ ಹಿಂದಿನ ಸಭೆಗಳದ್ದನ್ನೂ ಡೈರಿ ನೋಡಿ ತುಂಬಿಸಿ, ಪ್ರತಿ ಸನ್ಮಾನದ ಕೆಳಗೆ 'ಹಾರ ಒಂದು, ತೆಂಗಿನಕಾಯಿ ಒಂದು, ಶಾಲು ಒಂದು' ಎಂದು ಸೇರಿಸಿದೆ. ಖಾದರ್ ಸಾಬರು ನೋಡಿ, "ಇಷ್ಟ್ಯಾಕ ಬರೀತಿ ಬೇಟಾ? ಕಡಿಮಿ ಬರದವ್ರು ಎಲ್ಲಾ ಆರಾಮ್ ರಿಟೈರ್ ಆಗ್ಯಾರ" ಅಂದರು. ನಾನು ಕೇಳಲಿಲ್ಲ.

ಆಗ ಆಡಿಟ್‌ನ ರೀತಿಯೂ ಬದಲಾಯಿತು. ಮೊದಲೆಲ್ಲ ಆಡಿಟ್‌ನವರು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದರು, ನಾವು ಎದುರು ಕೂತು ಬಾಯಿಮಾತಿನಲ್ಲಿ ವಿವರಿಸುತ್ತಿದ್ದೆವು, ಅವರು ಅದರ ಮೇಲೆ ಒಂದು ಗೀಟು ಎಳೆಯುತ್ತಿದ್ದರು. ಈಗ ಪ್ರತಿ ಆಕ್ಷೇಪಣೆ ಕಂಪ್ಯೂಟರಿನಲ್ಲಿ ಕೂರುತ್ತದೆ. ಅದಕ್ಕೆ ಒಂದು ಸಂಖ್ಯೆ, ಸಂಖ್ಯೆಯ ಎದುರು ಹೊಣೆಗಾರನ ಹೆಸರು. ಆಕ್ಷೇಪಣೆ ಕೈಬಿಡುವವರೆಗೆ ಆ ಹೆಸರಿನವನಿಗೆ ಬಾಕಿ ಇಲ್ಲ ಎಂಬ ಪ್ರಮಾಣಪತ್ರ ಹುಟ್ಟುವುದಿಲ್ಲ. ಆ ಪತ್ರವಿಲ್ಲದೆ ಪಿಂಚಣಿಯ ಕಡತ ಮೇಜಿನಿಂದ ಏಳುವುದಿಲ್ಲ.

ಆ ವರ್ಷ ಬಂದ ಆಡಿಟರನ್ನು ನಾವು ತೆಲುಗಿನ ರೀತಿಯಲ್ಲಿ ಕೋಸಗಿ ಸಾರು ಅನ್ನುತ್ತಿದ್ದೆವು; ಸಾರು ಅಂದರೆ ಸರ್. ದಿನವೂ ಕೋಸಗಿ ಬಸ್ಸಿಗೆ ಬಂದು ಅದೇ ಬಸ್ಸಿಗೆ ಹೋಗುತ್ತಿದ್ದರು. ಮನೆಯ ಬುತ್ತಿ, ಮನೆಯ ನೀರು, ಮನೆಯ ಪೆನ್ನು. ನಮ್ಮ ಚಹಾ ಮುಟ್ಟುತ್ತಿರಲಿಲ್ಲ. ಎಂಟನೇ ದಿನ ನನ್ನನ್ನು ಕರೆದರು. ಎದುರಿಗೆ ನನ್ನ ನಡಾವಳಿ ಪುಸ್ತಕ.

"ಚೊಲೊ ಬರದೀರಿ ಮೇಡಂ. ಇಷ್ಟು ಸಾಫಾಗಿ ಬರದದ್ದು ನಾ ಎಲ್ಲೂ ನೋಡಿಲ್ಲ. ಹಾರ ಮೂವತ್ತೆಂಟು, ಬಿಲ್ಲು ಮೂವತ್ತೆಂಟು. ಕಾಯಿ ಮೂವತ್ತೆಂಟು, ಬಿಲ್ಲು ಮೂವತ್ತೆಂಟು. ಶಾಲು ಮೂವತ್ತೆಂಟು. ಬಿಲ್ಲು?"

"ಬಿಲ್ಲಿಲ್ರಿ ಸಾರ್."

"ಒಂದೂ?"

"ಶಾಲ ಒಂದ ಐತ್ರಿ."

"ಮೂವತ್ತೆಂಟು ಅಂತ ನೀವ ಬರದೀರಿ."

"ಒಂದ ಶಾಲು ಸಾರ್. ಮೂವತ್ತೆಂಟು ಸಲ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ರೊಕ್ಕ ಹೋಗಿ ಮಾಲು ಬರದೇ ಇದ್ದದ್ದು ಭಾಳ ನೋಡೀನಿ. ಮಾಲು ಬಂದು ರೊಕ್ಕ ಹೋಗದೇ ಇದ್ದದ್ದು ಇದ ಮೊದಲು. ಏಮ್ ರಾಯಾಲಮ್ಮಾ ನೇನು? ಏನಂತ ಬರೀಲಿ?"

ಬರೆಯುವುದನ್ನು ಬರೆದೇ ಬಿಟ್ಟರು. ಉಳಿದ ಮೂವತ್ತೇಳು ಶಾಲುಗಳ ಮೂಲ ತಿಳಿಯದು, ವಿವರಣೆ ಕೊಡಿ. ಹೊಣೆಗಾರನ ಜಾಗದಲ್ಲಿ ಕಪಾಟಿನ ಕೈ ಇಟ್ಟುಕೊಂಡವನ ಹೆಸರು ಬಿತ್ತು: ಬೀರಪ್ಪ. ಬೀರಪ್ಪನ ನಿವೃತ್ತಿಗೆ ಹತ್ತೊಂಬತ್ತು ದಿನ ಉಳಿದಿತ್ತು.

ವಿಷಯ ತಿಳಿದು ಅವನು ನನ್ನ ಮೇಜಿನ ಹತ್ತಿರ ಬಂದು ನಿಂತ. ಸದಾ ನಗಾಡುವ ಮನುಷ್ಯ, ಅಂದು ನಗಲಿಲ್ಲ.

"ನನ್ನ ಪಿಂಚಣಿ ಶಾಲಿನ್ಯಾಗ ಸುತ್ತಿ ಇಟ್ಟಿ ನೋಡವ್ವಾ."

"ಬೀರಪ್ಪ, ಶಾಲು ಒಂದ ಅಂತ ತೋರಿಸಿದ್ರ ಮುಗೀತು. ನೀ ಯಾಕ ಹೆದರ್ತಿ?"

ಅವನು ಕಪಾಟಿನ ಕಡೆ ಒಮ್ಮೆ ನೋಡಿ, ಬೀಗದ ಗೊಂಚಲು ಸರಿ ಮಾಡಿಕೊಂಡು ಹೋದ. ಆಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ.

ನನ್ನ ಹತ್ತಿರ ಇದ್ದ ಸಾಕ್ಷಿ ಡೈರಿ. ಮೂವತ್ತೆಂಟು ಸಲ ಶಾಲು ಹೋದ ದಿನ, ಬಂದ ದಿನ ಅದರಲ್ಲಿದ್ದವು. ಮರುದಿನ ಅಷ್ಟೂ ಡೈರಿಗಳನ್ನು ಹೊತ್ತು ಕೋಸಗಿ ಸಾರು ಅವರ ಎದುರು ಇಟ್ಟೆ. ಓದಿ ಹೇಳಲು ಹೊರಟಾಗ ಅವರು ಕೈ ಅಡ್ಡ ಹಿಡಿದರು.

"ನಮ್ಮವ್ವನ ತವರುಮನಿ ಯಾದಗಿರಿ ಕಡೆ. ನಂಗ ಕನ್ನಡ ಓದಾಕ ಬರ್ತೈತಿ."

ಏಳು ವರ್ಷದಲ್ಲಿ ಆ ಕಚೇರಿಗೆ ಕಾಲಿಟ್ಟ ಮೊದಲ ಕನ್ನಡ ಓದುಗ. ನಾನು ಕುರ್ಚಿಯ ತುದಿಗೆ ಬಂದೆ. ಅವರು ಬೆರಳಿಟ್ಟು ಒಂದೊಂದೇ ಸಾಲು ಓದುತ್ತಾ ಮೂವತ್ತೆಂಟನ್ನೂ ತಾಳೆ ನೋಡಿದರು. ಆಮೇಲೆ, ನಾನು ತಡೆಯುವಷ್ಟರಲ್ಲಿ, ಆ ವಾರದ ಪುಟ ತಿರುವಿದರು. ಅಲ್ಲಿ ಇದ್ದದ್ದು: ಕೋಸಗಿ ಸಾರು. ಚಹಾ ಬೇಡ ಅಂದದ್ದು 11. ಬಸ್ಸು ತಪ್ಪಿದ್ದು 2. ನಕ್ಕದ್ದು 0.

ಅವರು ಆ ಪುಟವನ್ನು ಉಳಿದ ಪುಟಗಳಷ್ಟೇ ನಿಧಾನವಾಗಿ ಓದಿದರು. ಪುಸ್ತಕ ಮುಚ್ಚಿದರು.

"ಇದು ಕಚೇರಿ ದಾಖಲಾ ಅಲ್ಲ. ಆದ್ರ ಲೆಕ್ಕ ಖರೇ ಅದಾವ," ಅಂದರು. "ಶಾಲು ತರ್ರಿ. ಸ್ಟಾಕ್ ಬುಕ್ಕಿನ ಜೋಡಿ ಕಣ್ಣಾರೆ ನೋಡಿ ಮುಗಸೋಣ."

ಬೀರಪ್ಪ ಶಾಲು ತಂದು ಮೇಜಿನ ಮೇಲೆ ಹರಡಿದ. ಸ್ಟಾಕ್ ಬುಕ್ಕಿನಲ್ಲಿ ಇದ್ದಂತೆ ಬೆಲ್ಲದ ಬಣ್ಣ ಸರಿ, ಕುಂಕುಮದ ಅಂಚು ಸರಿ, ಅಳತೆ ಸರಿ. ಖಾದರ್ ಸಾಬರು ಆಗಲೇ ಸಹಿಗೆ ಪೆನ್ನು ತೆಗೆದರು. ಕೋಸಗಿ ಸಾರು ಅಂಚನ್ನು ಮಗುಚಿ, ಮೈ ಮತ್ತು ಅಂಚು ಸೇರುವ ಜಾಗದಲ್ಲಿ ಉಗುರು ಆಡಿಸಿದರು. ಈ ಕೆಲಸಕ್ಕೆ ಬರುವ ಮೊದಲು ಹತ್ತು ವರ್ಷ ನೇಕಾರರ ಸಂಘಗಳ ಆಡಿಟ್ ಮಾಡಿದವರು ಅವರು. ನಮಗೆ ಅದು ತಿಳಿದಿರಲಿಲ್ಲ.

"ಬುಕ್ಕಿನ್ಯಾಗ ನಾರಾಯಣಪೇಟೆ ಶಾಲು ಅಂತ ಐತಿ. ಇಲ್ಲಿ ನೋಡ್ರಿ, ಮೈ ಎಳಿಗೂ ಅಂಚಿನ ಎಳಿಗೂ ಒಂದಕ್ಕೊಂದು ಕೊಂಡಿ ಹಾಕ್ಯಾರ. ಇದು ಗದ್ವಾಲದ ಕೈ. ಆ ಶಾಲಲ್ಲ ಇದು."

ಖಾದರ್ ಸಾಬರು ನನ್ನನ್ನು ನೋಡಿದರು. ನಾನು ಬೀರಪ್ಪನನ್ನು ನೋಡಿದೆ. ಬೀರಪ್ಪ ತನ್ನ ಚಪ್ಪಲಿ ನೋಡುತ್ತಿದ್ದ.

"ಬೀರಪ್ಪ, ಆ ಶಾಲು ಎಲ್ಲೈತಿ?" ಖಾದರ್ ಸಾಬರು ಮೆತ್ತಗೆ ಕೇಳಿದರು.

"ಮನ್ಯಾಗ, ಟ್ರಂಕಿನ್ಯಾಗ ಐತ್ರಿ."

ಅರ್ಧ ತಾಸಿನಲ್ಲಿ ಹೋಗಿ ತಂದ. ಕರಿ ಕಂಬಳಿಯಲ್ಲಿ ಸುತ್ತಿತ್ತು. ಬಿಚ್ಚಿದರೆ ಅದೇ ಬಣ್ಣದ ಇನ್ನೊಂದು ಶಾಲು. ಒಂದು ತುದಿಯಲ್ಲಿ ಗೇಣುದ್ದ ಹರಿದಿತ್ತು, ಸುತ್ತ ಗ್ರೀಸಿನ ಕಲೆ. ನಾನು ಕೆಲಸಕ್ಕೆ ಸೇರುವ ಮುಂಚಿನ ವರ್ಷ, ಯಾರದೋ ಮನೆಯಿಂದ ಶಾಲು ತರುವಾಗ ಕೈಚೀಲದಿಂದ ಜಾರಿ ಸೈಕಲ್ಲಿನ ಚೈನಿಗೆ ಸಿಕ್ಕಿತಂತೆ.

"ಹೇಳಿದ್ರ ಏನಾಗ್ತಿತ್ತೋ?" ಅಂದರು ಖಾದರ್ ಸಾಬ್.

"ನೌಕರಿ ಹೋಗ್ತೈತಿ ಅನ್ಕೊಂಡ್ನಿರಿ. ಸರಕಾರದ ಮಾಲು. ಎರಡು ಕುರಿ ಮಾರಿದೆ. ಗದ್ವಾಲಕ್ಕ ಹೋಗಿ ಒಬ್ಬ ನೇಕಾರಗ ಇದನ್ನ ತೋರಿಸಿ, ಹಿಂತಾದ್ದ ಮಾಡಿಕೊಡಪಾ ಅಂದೆ. ಬಣ್ಣ ಬರೋಬ್ಬರಿ ಮಾಡಿದ. ಕೈ ಅವಂದ ನೋಡ್ರಿ, ಅವಂ ಅವನಂಗ ನೇದ."

"ಹರದದ್ದು ಯಾಕ ಇಟ್ಕೊಂಡಿ?" ಕೋಸಗಿ ಸಾರು ಕೇಳಿದರು.

"ಅದು ಸರಕಾರದ್ದೈತ್ರಿ. ನಾ ಹ್ಯಾಂಗ ಒಗೀಲಿ?"

ನಾನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ. ನನ್ನ ಏಳೂ ಡೈರಿಗಳ ಮೂವತ್ತೆಂಟು ಸನ್ಮಾನಗಳೂ ಎರಡನೇ ಶಾಲಿನವು. ಖಾದರ್ ಸಾಬರು ನನಗಿಂತ ಮೊದಲು ಅದನ್ನು ಬಾಯಿಬಿಟ್ಟು ಹೇಳಿದರು. "ಅಂದ್ರ ಇಷ್ಟು ದಿನ ಮುನ್ಸಿಪಾಲಿಟಿ ಯಾರಿಗೂ ಶಾಲು ಹೊದಿಸಿಲ್ಲ. ಎಲ್ಲಾ ಬೀರಪ್ಪ ಹೊದಿಸ್ಯಾನ."

ಕೋಸಗಿ ಸಾರು ಎರಡೂ ಶಾಲುಗಳನ್ನು ಪಕ್ಕಪಕ್ಕ ಹರಡಿದರು. "ಬುಕ್ಕಿನ್ಯಾಗ ಒಂದು, ಮೇಜಿನ ಮ್ಯಾಲ ಎರಡು. ಕಮ್ಮಿ ಬಿದ್ರ ವಸೂಲಿ ಬರೀತೀನಿ. ಹೆಚ್ಚು ಬಿದ್ರ ಕಂಪ್ಯೂಟರಿಗೆ ಏನ ಹೇಳ್ಲಿ?" ಅಂದರು. ಹೊರಗೆ ಕೋಸಗಿ ಬಸ್ಸು ಹಾರ್ನ್ ಹೊಡೆದು ಹೋಯಿತು. ಅವರು ಏಳಲಿಲ್ಲ. ಬಸ್ಸು ತಪ್ಪಿದ್ದು 3.

ಆಡಿಟರು ದಾರಿ ಹೇಳಿಕೊಡುವಂತಿಲ್ಲ. ಅದು ಅವರ ನಿಯಮ. ಆದರೆ ಪ್ರಶ್ನೆ ಕೇಳಬಹುದು. ಹೋಗುವಾಗ ಬಾಗಿಲಲ್ಲಿ ನಿಂತು ನನ್ನನ್ನು ಕೇಳಿದರು:

"ಮೇಡಂ, ಯಾರಾರ ಪಾರ್ಕಿಗೆ ಒಂದು ಬೆಂಚು ಕೊಟ್ರ ನೀವು ಏನ ಮಾಡ್ತೀರಿ?"

"ದಾನ ಅಂತ ಕೌನ್ಸಿಲ್ ಒಪ್ಪಿ, ಸ್ಟಾಕಿಗೆ ಜಮಾ ಮಾಡ್ತೀವಿ ಸಾರ್."

"ಹೂಂ. ಶಾಲು ಬೆಂಚಿಗಿಂತ ಹಗೂರ," ಅಂದು ಹೊರಟರು.

ಈಗ ಉಳಿದದ್ದು ಹದಿನೇಳು ದಿನ. ದಾನಪತ್ರ ಸಿದ್ಧವಾಯಿತು. ಬೀರಪ್ಪ ಸಹಿ ಮಾಡಲು ಹಿಂದೆ ಮುಂದೆ ನೋಡಿದ. "ದಾನ ಅಂದ್ರ ದೊಡ್ಡೋರು ಕೊಡೋದವ್ವಾ. ನಾ ತಪ್ಪು ಮುಚ್ಚಿದವ." ಕೊನೆಗೆ ಖಾದರ್ ಸಾಬರು ಗದರಿದ ಮೇಲೆ ಸಹಿ ಹಾಕಿದ. ಪುರಸಭೆಯ ಅಧ್ಯಕ್ಷೆಯವರು ಅವನ ನಿವೃತ್ತಿಗೆ ನಾಲ್ಕು ದಿನ ಮೊದಲು ಸಭೆ ಕರೆದರು. ಒಂದೇ ತೊಡಕು. ಆಡಿಟ್‌ಗೆ ಹೋಗುವ ನಿರ್ಣಯದಲ್ಲಿ ಯಾರದೇ ವಿರೋಧ ದಾಖಲಾದರೆ ಅದು ಮೇಲಿನ ಕಚೇರಿಗೆ ಹೋಗಿ ಬರಬೇಕು. ಕನಿಷ್ಠ ಮೂರು ತಿಂಗಳು. ನಮ್ಮ ಸಭೆಯಲ್ಲಿ ವಿರೋಧವಿಲ್ಲದ ನಿರ್ಣಯ ಒಂದೂ ಇರಲಿಲ್ಲ.

"ಸರ್ವಾನುಮತ ಅಂತ ಮೊದಲ ಬರದಿಡು," ಅಂದರು ಖಾದರ್ ಸಾಬ್. "ಚಂದ್ರಪ್ಪ ಓದಂಗಿಲ್ಲ."

"ಒಂದು ಸಲ ಓದ್ಯಾರ."

"ಬೇಟಾ, ಬೀರಪ್ಪನ ಅನ್ನ ಇದು."

"ಅವನ ಹೆಸರು ಅಲ್ಲಿ ಕುಂತದ್ದು ನನ್ನ ಬರವಣಿಗಿಯಿಂದ ಸಾಬ್. ಸುಳ್ಳು ಬರದು ಬಿಡಿಸಿದ್ರ, ಮತ್ತ ಅದರಾಗ ಸಿಗಿಬೀಳ್ತಾನ. ಆದದ್ದ ಬರೀತೀನಿ."

ಅವರು ನನ್ನ ಜೊತೆ ಎರಡು ದಿನ ಮಾತಾಡಲಿಲ್ಲ. ಚಂದ್ರಪ್ಪನವರಿಗೆ ಮೊದಲೇ ಹೋಗಿ ಹೇಳೋಣವೆಂದರೆ, ಕೇಳಿಕೊಂಡು ಬಂದರು ಎಂಬುದೇ ಅವರಿಗೆ ವಿರೋಧಿಸಲು ಕಾರಣವಾಗಬಹುದೆಂಬ ಭಯ.

ಸಭೆಯ ದಿನ ಬೀರಪ್ಪ ಎಂದಿನಂತೆ ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂತಿದ್ದ. ನಾನು ವಿಷಯ ಓದಿದೆ. ಸೈಕಲ್ಲು, ಕುರಿ, ಗದ್ವಾಲ, ಟ್ರಂಕು, ಎಲ್ಲವನ್ನೂ ಇದ್ದಂತೆ ಓದಿದೆ. ಓದಿ ಮುಗಿಯುತ್ತಲೇ ಚಂದ್ರಪ್ಪ ಎದ್ದು ನಿಂತರು.

"ಮೇಡಂ, ಬರ್ಕೋರಿ."

ಪೆನ್ನು ಹಿಡಿದೆ. ಖಾದರ್ ಸಾಬರು ಕಣ್ಣು ಮುಚ್ಚಿಕೊಂಡರು.

"ಆ ಶಾಲು ನಾ ಒಂಬತ್ತು ದಿನ ಇಟ್ಕೊಂಡಿದ್ದೆ. ಇವಂ ನಾಕು ಸಲ ಬಂದ. ನಾಕೂ ಸಲ ಬೈದು ಕಳಿಸಿದೆ, ಸರಕಾರದ ಶಾಲಿಗೆ ನಿಂದೇನು ಗಡಿಬಿಡಿ ಅಂತ. ಅವಂದ ಶಾಲು ಅಂತ ಅವತ್ತರ ಹೇಳಬಾರದೇನು ಈ ಮನಷಾ?" ಅಂದು ಬೀರಪ್ಪನ ಕಡೆ ತಿರುಗಿದರು. ಬೀರಪ್ಪ ಸ್ಟೂಲಿನಿಂದ ಎದ್ದು ನಿಂತ. ಚಂದ್ರಪ್ಪ ಮತ್ತೆ ನನ್ನ ಕಡೆ ತಿರುಗಿದರು. "ನನ್ನ ವಿರೋಧ ಇಲ್ಲ. ಇಲ್ಲ ಅಂತನ ಬರ್ಕೋರಿ. ನಾ ಓದಿ ಸಹಿ ಮಾಡ್ತೀನಿ."

ಓದಿಯೇ ಸಹಿ ಮಾಡಿದರು. ಅದೇ ಸಭೆಯಲ್ಲಿ ಹರಿದ ಶಾಲನ್ನು ನಿರುಪಯುಕ್ತ ಎಂದು ತೀರ್ಮಾನಿಸಿ ನಿಯಮದಂತೆ ಹರಾಜು ಹಾಕಿದೆವು. ಖಾದರ್ ಸಾಬರು ಹತ್ತು ರೂಪಾಯಿ ಕೂಗಿದರು. ಚಂದ್ರಪ್ಪ ಹನ್ನೊಂದು. ಇಬ್ಬರೂ ಹಠಕ್ಕೆ ಬಿದ್ದು ಐವತ್ತೊಂದಕ್ಕೆ ಚಂದ್ರಪ್ಪನ ಪಾಲಾಯಿತು. ಅದಕ್ಕೂ ರಸೀತಿ ಹರಿದೆ.

ಮರುದಿನ ಕೋಸಗಿ ಸಾರು ನಿರ್ಣಯ ಓದಿದರು. ಕೊನೆಯ ಸಾಲು ಹೀಗಿತ್ತು: ದಾನಿಯವರನ್ನು ಅವರು ದಾನ ಕೊಟ್ಟ ಶಾಲನ್ನೇ ಹೊದಿಸಿ ಸನ್ಮಾನಿಸತಕ್ಕದ್ದು, ಪದ್ಧತಿಯಂತೆ ವಾಪಸ್ ಪಡೆಯತಕ್ಕದ್ದು. ಅವರ ಭುಜ ಒಮ್ಮೆ ಅಲ್ಲಾಡಿತು. ಆಮೇಲೆ ಪೂರ್ತಿಯಾಗಿ ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. ಕಂಪ್ಯೂಟರಿನಲ್ಲಿದ್ದ ಆಕ್ಷೇಪಣೆಯನ್ನು ಕೈಬಿಟ್ಟರು. ಬೀರಪ್ಪ ಚಹಾ ತಂದಿಟ್ಟ, ಅವರು ಕುಡಿದರು. ಕಪ್ಪು ಕೆಳಗಿಟ್ಟು ನನ್ನ ಡೈರಿಯ ಕಡೆ ಬೆರಳು ತೋರಿಸಿದರು.

"ಎರಡೂ ಬರ್ಕೋರಿ."

ನಕ್ಕದ್ದು 1. ಚಹಾ 1.

ತಿಂಗಳ ಕೊನೆಯ ದಿನ ಬೀರಪ್ಪನ ಸನ್ಮಾನ. ಮೂವತ್ತೊಂಬತ್ತನೆಯದು. ಅಧ್ಯಕ್ಷೆಯವರು ಶಾಲು ಹೊದಿಸಿದರು. ಅದರ ಮೇಲೆ ಚಂದ್ರಪ್ಪ ತಾವು ಹರಾಜಿನಲ್ಲಿ ಹಿಡಿದ ಹರಿದ ಶಾಲನ್ನೂ ಹಾಕಿ, "ಇದು ವಾಪಸ್ ಇಲ್ಲ" ಅಂದರು. ಬೀರಪ್ಪ ಎರಡು ಶಾಲು ಹೊದ್ದು, ಬೆವರುತ್ತಾ, ಭಾಷಣಗಳನ್ನೆಲ್ಲ ಕೇಳಿದ. ಮುಗಿದ ಮೇಲೆ ಸರಕಾರದ ಶಾಲನ್ನು ತೆಗೆದು, ನಾಲ್ಕೂ ಮೂಲೆ ಬೆರಳಿನಿಂದ ತಡವಿ ನೋಡಿ, ಮಡಿಸಿ, ಕಪಾಟಿನಲ್ಲಿಟ್ಟು ಬೀಗ ಹಾಕಿದ. ಬೀಗದ ಗೊಂಚಲನ್ನು ಖಾದರ್ ಸಾಬರ ಕೈಗೆ ಕೊಟ್ಟ. ಮೂವತ್ತೊಂಬತ್ತರಲ್ಲಿ ಅತಿ ಬೇಗ ವಾಪಸ್ ಬಂದದ್ದು ಅದು. ಅವನ ಪಿಂಚಣಿ ಎರಡನೇ ತಿಂಗಳಿಗೆ ಶುರುವಾಯಿತು.

ಆಮೇಲೆ ಇನ್ನೂ ನಾಲ್ಕು ಸನ್ಮಾನಗಳಾದವು. ನಲವತ್ತನಾಲ್ಕನೆಯದು ನನ್ನದು.

ಬಡ್ತಿಯ ವಿಷಯ ಬರೆಯಲಿಲ್ಲವೆಂದು ಕೇಳಬೇಡಿ, ನಮ್ಮ ಹುದ್ದೆಗೆ ಅದು ಇಲ್ಲ. ಏಳು ವರ್ಷದ ಕೊನೆಗೆ ಸಿಗುವುದು ಒಂದು ಸಂಜೆಯ ಶಾಲು. ಅದನ್ನು ಹೊದ್ದು ನಾನೂ ಓಣಿಯಲ್ಲಿ ಬೇಕೆಂದೇ ನಿಧಾನವಾಗಿ ನಡೆದೆ. ಅಕ್ಕಪಕ್ಕದವರು ಕಟ್ಟೆಯ ಮೇಲಿಂದ ನೋಡಿದರು. ಮನೆಯಲ್ಲಿ ಅದನ್ನು ಮಡಿಸಿಡುವಾಗ ಅಂಚಿನ ಕೊಂಡಿಗಳ ಮೇಲೆ ಉಗುರಾಡಿಸಿ ನೋಡಿದೆ. ಹೊಸ ಜವಾನನಿಗೆ ಇನ್ನೂ ಊರಿನ ಓಣಿಗಳೇ ಗೊತ್ತಿರಲಿಲ್ಲ. ಕಚೇರಿಗೆ ಹೋಗಿ ಕೊಡಲು ನಾನೀಗ ಕಚೇರಿಯವಳಲ್ಲ. ನಿಜ ಹೇಳಬೇಕೆಂದರೆ, ಯಾರೂ ಬರದೆ ಇರಲಿ ಎಂಬ ಸಣ್ಣ ಆಸೆಯೂ ಇತ್ತು.

ಬೆಳಿಗ್ಗೆ ಏಳಕ್ಕೆ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಬೀರಪ್ಪ. ಹೆಗಲ ಮೇಲೆ ಹರಿದ ಶಾಲು. ಹರಿದ ಜಾಗಕ್ಕೆ ಕಂಬಳಿಯ ಕರಿ ಉಣ್ಣೆಯಿಂದ ಹೊಲಿಗೆ ಹಾಕಿದ್ದ. ಕೈಯಲ್ಲಿ ಅದೇ ಬಟ್ಟೆಯ ಚೀಲ.

"ಯಾರು ಕಳಿಸಿದ್ರು ಬೀರಪ್ಪ?"

"ಯಾರು ಕಳಸಬೇಕವ್ವಾ? ಹೊಸಬಗ ನಿನ್ನ ಮನಿ ಗೊತ್ತಿಲ್ಲ. ಶಾಲು ಕೊಡು. ಚಹಾ ಕುಡದು ಬಂದೀನಿ, ಬ್ಯಾಡ."

ತಂದು ಕೊಟ್ಟೆ. ಅವನು ನಾಲ್ಕೂ ಮೂಲೆ ತಡವಿ ನೋಡಿದ. ಮಡಿಸಿ ಚೀಲಕ್ಕೆ ಹಾಕಿದ. ಹೋಗಲಿಲ್ಲ, ನಿಂತೇ ಇದ್ದ.

"ಬರ್ಕೋ," ಅಂದ. "ನಾ ನಿಂತಿರ್ತೀನಿ."

ಒಳಗೆ ಹೋಗಿ ಡೈರಿ ತಂದು, ಹೊಸ್ತಿಲ ಮೇಲೆ ಕೂತು, ಅವನೆದುರಿಗೇ ಬರೆದೆ: ನಲವತ್ತನಾಲ್ಕು. ಶಾಲು 1. ವಾಪಸ್.